ಒಂದೇ ದಾಸವಾಳ, ಹಿಂದೆ ಏನೂ ಇಲ್ಲದೆ

"ಫೋಟೋದಲ್ಲಿ ಒಂದೇ ವಸ್ತು ಇರಬೇಕು ಮೇಡಂ. ಹಿಂದೆ ಮುಂದೆ ಏನಾದರೂ ಕಂಡರೆ ಅವರಿಗೆ ಗೊಂದಲವಾಗುತ್ತದೆ" ಎಂದು ಫೋನಿನಲ್ಲಿ ಹೇಳಿದಳು ಆ ಹುಡುಗಿ, ತೆಲುಗಿನಲ್ಲಿ. ಸ್ಟ್ರೋಕ್ ಆಗಿ ಮಾತು ನಿಂತುಹೋಗಿದ್ದ ನನ್ನ ಗಂಡನಿಗೆ ಮತ್ತೆ ಮಾತು ಕಲಿಸಲು ಬರುತ್ತಿದ್ದವಳು ಅವಳು. ಅವನನ್ನು ವಿಜಯವಾಡದ ಭವಾನಿಪುರಂನಲ್ಲಿ ಅವನ ಅಕ್ಕನ ಮನೆಯಲ್ಲಿ ಇರಿಸಿದ್ದೆವು. ಅಲ್ಲಿ ಆಸ್ಪತ್ರೆ ಹತ್ತಿರ, ನೋಡಿಕೊಳ್ಳಲು ಜನರೂ ಇದ್ದರು. ನಾನು ವಿಶಾಖಪಟ್ಟಣದ ಅಂಚಿನಲ್ಲಿ, ಪೆಂದುರ್ತಿಯ ನಮ್ಮ ಮನೆಯಲ್ಲೇ ಉಳಿದು ಔಷಧ ಕಾರ್ಖಾನೆಯ ಕೆಲಸಕ್ಕೆ ಹೋಗುತ್ತಿದ್ದೆ. ರಜೆ ಸಿಕ್ಕಾಗ ದುವ್ವಾಡದಲ್ಲಿ ರೈಲು ಹತ್ತುತ್ತಿದ್ದೆ.

ಮನೆಯಲ್ಲಿ ದಿನಾ ಕಾಣುತ್ತಿದ್ದ ವಸ್ತುಗಳ ಫೋಟೋ ಬೇಕು ಎಂದಿದ್ದಳು. ನನಗೆ ಹೊಳೆದದ್ದು ದಾಸವಾಳ ಒಂದೇ.

ಆ ಗಿಡದ ಕಡ್ಡಿಯನ್ನು ಧಾರವಾಡದ ತವರಿನಿಂದ ನಾನೇ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದೆ. ಅವನು ತೆಲುಗಿನವನು. ನನ್ನನ್ನು ಒಲಿಸಿಕೊಳ್ಳುವುದಕ್ಕೆಂದೇ ಕನ್ನಡ ಕಲಿತ, ಅದೂ ನಮ್ಮ ಧಾರವಾಡದ್ದು. ಮದುವೆಯಾದ ಮೇಲೆ ಬಿಟ್ಟಾನು ಅಂದುಕೊಂಡಿದ್ದೆ. ಬಿಡಲಿಲ್ಲ. ನಮ್ಮಿಬ್ಬರ ನಡುವೆ ಬೇರೆ ಭಾಷೆ ಬಂದದ್ದೇ ಇಲ್ಲ. ಬೆಳಿಗ್ಗೆ ಹಲ್ಲುಜ್ಜುತ್ತ ಅಂಗಳಕ್ಕೆ ಹೋಗಿ, ಬಾಯಿ ತುಂಬ ನೊರೆ ಇಟ್ಟುಕೊಂಡೇ ಕೂಗುತ್ತಿದ್ದ: "ಏ, ನೋಡಬಾ, ದಾಸಾಳ ಅರಳೇತಿ!" ದಿನಾ ಅರಳುವ ಹೂವಿಗೆ ಇಷ್ಟು ಡಂಗುರ ಯಾಕೆ ಎಂದು ಬೈಯುತ್ತಿದ್ದೆ. ಬೈಸಿಕೊಳ್ಳದೆ ಅವನಿಗೆ ಕಾಫಿ ರುಚಿಸುತ್ತಿರಲಿಲ್ಲ.

ಸ್ಟ್ರೋಕ್ ಆದ ಮೇಲೆ ಒಂದೊಂದಾಗಿ ಬಂದ ಮಾತುಗಳೆಲ್ಲ ತೆಲುಗಿನವು. ನೀರು ಕೇಳಿದ್ದು ತೆಲುಗಿನಲ್ಲಿ, ಅಕ್ಕನನ್ನು ಕರೆದದ್ದು ತೆಲುಗಿನಲ್ಲಿ. ನಾನು ಕನ್ನಡದಲ್ಲಿ ಮಾತಾಡಿದರೆ ಮುಖ ನೋಡುತ್ತಿದ್ದ, ಅಷ್ಟೇ. ಮಕ್ಕಳಿಲ್ಲದ ಮನೆ ನಮ್ಮದು. ಅಲ್ಲಿ ಕನ್ನಡ ಎಂದರೆ ನಾವಿಬ್ಬರೇ. ಅವನು ದಾಸವಾಳವನ್ನು ಒಮ್ಮೆ ದಾಸಾಳ ಅಂದರೆ ಸಾಕು, ಉಳಿದದ್ದೆಲ್ಲ ಅದರ ಬೆನ್ನಿಗೇ ಬರುತ್ತದೆ ಎಂದು ನಾನು ಹಟ ಹಿಡಿದಿದ್ದೆ. ಹೂವನ್ನೇ ಒಯ್ಯೋಣವೆಂದರೆ ರೈಲಿನಲ್ಲಿ ಮುದುಡಿ ಹಿಂಡಿದ ಬಟ್ಟೆಯಂತಾಗುತ್ತಿತ್ತು.

ಎರಡು ಭಾನುವಾರ ಕೆಟ್ಟ ಫೋಟೋಗಳೇ ಬಂದವು. ಬಿಸಿಲು ಬಿದ್ದರೆ ಕೆಂಪು ಉಕ್ಕಿ, ಎಸಳಿನ ಗೆರೆಗಳೆಲ್ಲ ಅಳಿಸಿಹೋಗಿ ಕುಂಕುಮ ಚೆಲ್ಲಿದ ಹಾಗೆ ಕಾಣುತ್ತಿತ್ತು. ಕೊನೆಗೆ ಅವನ ಬಿಳಿ ಪಂಚೆಯನ್ನು ಬಿಸಿಲಿಗೆ ಅಡ್ಡವಾಗಿ ಬಟ್ಟೆ ಒಣಹಾಕುವ ತಂತಿಯ ಮೇಲೆ ಹರವಿದೆ. ಅದರ ಒಂದು ತುದಿಯನ್ನು ಎಡಗೈಯಲ್ಲಿ ಎಳೆದು ಹಿಡಿದು, ಬಲಗೈಯಲ್ಲಿ ಫೋನು ಹಿಡಿದೆ. ಪಂಚೆಯೊಳಗಿಂದ ಸೋಸಿ ಬಂದ ಬೆಳಕಿನಲ್ಲಿ ಹೂವು ಮೆತ್ತಗಾಯಿತು. ಎಲೆಯ ಮೇಲಿನ ಕಪ್ಪು ಧೂಳನ್ನು ಮೊದಲೇ ಒರೆಸಿದ್ದೆ. ಗಾಳಿ ನಿಲ್ಲುವವರೆಗೆ ಉಸಿರು ಬಿಗಿಹಿಡಿದು ನಿಂತಿದ್ದೆ. ಪಕ್ಕದ ಮನೆಯಾಕೆ ಮಹಡಿಯಿಂದ ಇಣುಕಿ ನೋಡಿ ಏನೂ ಕೇಳದೆ ಒಳಗೆ ಹೋದಳು. ಪಾಪ ಅನ್ನಿಸಿರಬೇಕು. ಆ ಪಾಪ ನನಗೆ ಬೇಕಿರಲಿಲ್ಲ.

ಆಮೇಲೆ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಆ ಫೋಟೋ ತಿದ್ದತೊಡಗಿದೆ. ಕೆಂಪನ್ನು ತಗ್ಗಿಸಿದೆ, ನೆರಳನ್ನು ಕೊಂಚ ಎತ್ತಿದೆ. ಎಸಳಿನ ಒಂದೊಂದು ನರವೂ ಎದ್ದು ಬಂತು. ಇನ್ನು ಉಳಿದದ್ದು ಅಳಿಸುವ ಕೆಲಸ. ಬೆರಳಿನಿಂದ ಉಜ್ಜಿದರೆ ಫೋನು ತಾನೇ ಆ ಜಾಗದಲ್ಲಿ ಹಸಿರು ತುಂಬುತ್ತದೆ. ಕಂಪೌಂಡಿನ ಗೋಡೆ ಹೋಯಿತು. ನೀರಿನ ಪೈಪು ಹೋಯಿತು. ಮೆಟ್ಟಿಲ ಬಳಿ ಅವನು ಬಿಟ್ಟುಹೋಗಿದ್ದ ರಬ್ಬರ್ ಚಪ್ಪಲಿ ಇತ್ತು. ಅದರ ಮೇಲೆ ತಂದ ಬೆರಳನ್ನು ಒಮ್ಮೆ ಹಿಂದಕ್ಕೆ ತೆಗೆದೆ, ಆಮೇಲೆ ಉಜ್ಜಿದೆ. ಕೊನೆಗೆ ಅಂಚಿನಲ್ಲಿ ಪಂಚೆ ಹಿಡಿದ ನನ್ನ ಕೈ, ಬಳೆ ಸಮೇತ. ಅದನ್ನೂ ತೆಗೆದೆ. ಹೂವೊಂದೇ ಉಳಿಯಿತು. ಇಷ್ಟು ಚೆಂದದ ಫೋಟೋ ನಾನು ಜನ್ಮದಲ್ಲಿ ತೆಗೆದಿರಲಿಲ್ಲ.

ಭವಾನಿಪುರಂನ ವರಾಂಡದಲ್ಲಿ ಅವನನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಕೃಷ್ಣೆಯ ಕಡೆಯಿಂದ ಗಾಳಿ ಬರುತ್ತಿತ್ತು. ಹುಡುಗಿ ಫೋನನ್ನು ಅವನ ಮುಂದೆ ಹಿಡಿದು "ಇದೇಮಿಟಿ?", ಇದೇನು ಎಂದು ಕೇಳಿದಳು. ಅವನು ನೋಡಿದ. ತುಟಿ ಅಲುಗಿತು. ನಾನು ಮನಸ್ಸಿನಲ್ಲೇ 'ದಾ, ದಾ' ಎನ್ನುತ್ತ ಸೆರಗಿನ ತುದಿ ಹಿಂಡುತ್ತಿದ್ದೆ.

"ಮಂದಾರಂ" ಅಂದ. ಸ್ಪಷ್ಟವಾಗಿ, ಎಲ್ಲೂ ತಡವರಿಸದೆ. ದಾಸವಾಳಕ್ಕೆ ತೆಲುಗಿನಲ್ಲಿ ಅದೇ ಹೆಸರು.

"ಚೆಪ್ಪಾಡು! ಮಾ ತಮ್ಮುಡು ಚೆಪ್ಪಾಡು!" ನನ್ನ ತಮ್ಮ ಹೇಳಿಬಿಟ್ಟ ಎಂದು ಅತ್ತಿಗೆ ಕಣ್ಣೊರೆಸಿಕೊಂಡು ದೇವರ ಕೋಣೆಗೆ ಓಡಿದರು. ಹುಡುಗಿ ಚಪ್ಪಾಳೆ ತಟ್ಟಿದಳು. ಸಂತೋಷ ಪಡಬೇಕಾದ ಹೊತ್ತು ಅದು, ನನಗೂ ಗೊತ್ತಿತ್ತು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ನನ್ನ ತವರಿನ ಗಿಡ, ನನ್ನ ಅಂಗಳದ ಹೂವು, ಅದಕ್ಕೆ ಯಾರದೋ ಮನೆಯ ಹೆಸರಿಟ್ಟಂತಾಗಿತ್ತು. ತಡೆಯಲಾರದೆ ಕುರ್ಚಿಯ ಬಳಿ ಬಗ್ಗಿ, "ದಾಸಾಳ ಅರಳೇತಿ ನೋಡ" ಅಂದೆ. ಅವನ ಹುಬ್ಬು ಗಂಟಾಯಿತು. ಪರೀಕ್ಷೆಯಲ್ಲಿ ತಾನು ಓದದ ಪ್ರಶ್ನೆ ಕೇಳಿದವರ ಕಡೆ ನೋಡುವಂತೆ ನೋಡಿದ. ತಿದ್ದದೆ ಇಟ್ಟುಕೊಂಡಿದ್ದ ಫೋಟೋವನ್ನೂ ತೋರಿಸಿದೆ, ಚಪ್ಪಲಿ, ಪೈಪು, ನನ್ನ ಕೈ ಎಲ್ಲ ಇದ್ದದ್ದನ್ನು. ಅವನು ತಲೆ ಹಿಡಿದುಕೊಂಡ.

ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದಳು. ದನಿ ತಗ್ಗಿಸಿ, ಬಹಳ ಮರ್ಯಾದೆಯಿಂದ ಹೇಳಿದಳು. "ತೆಲುಗು ಬರುತ್ತಿದೆ ಮೇಡಂ, ಅದನ್ನು ಹಿಡಿದುಕೊಂಡೇ ಹೋಗೋಣ. ಸದ್ಯಕ್ಕೆ ನೀವು ಕನ್ನಡ ಮಾತಾಡಬೇಡಿ. ಎರಡು ಭಾಷೆಯಾದರೆ ಅವರಿಗೆ ಭಾರ."

ಸದ್ಯಕ್ಕೆ ಎಂದರೆ ಎಲ್ಲಿಯವರೆಗೆ ಎಂದು ನಾನು ಕೇಳಲಿಲ್ಲ. ಅವಳಿಗೂ ಗೊತ್ತಿಲ್ಲವೆಂದು ಮುಖವೇ ಹೇಳುತ್ತಿತ್ತು. ಹಿಂದೆ ಮುಂದೆ ಏನೂ ಕಾಣಬಾರದು ಅಂದಿದ್ದಳಲ್ಲ, ಆ 'ಏನೂ' ಎಂಬುದರೊಳಗೆ ನಾನೂ ಸೇರಿದ್ದೆ.

ಹೊರಡುವ ಹೊತ್ತಿಗೆ ಅವನ ಮುಂದೆ ನಿಂತೆ. ಅವನು ಬಲಗೈಯನ್ನು ಕಷ್ಟಪಟ್ಟು ಎತ್ತಿ, ಬಾಗಿಲವರೆಗೆ ಬಂದ ನೆಂಟರನ್ನು ಬೀಳ್ಕೊಡುವಂತೆ, "ಜಾಗ್ರತ್ತಗಾ ವೆಳ್ಳಂಡಿ" ಅಂದ. ಹುಷಾರಾಗಿ ಹೋಗಿ ಬನ್ನಿ ಎಂದು. ಅವನು ನನಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ನನ್ನೊಡನೆ ಆಡಲು ಅವನ ಹತ್ತಿರ ತೆಲುಗು ಇರಲೇ ಇಲ್ಲ. ಊರಿನ ಹೆಂಗಸರೊಡನೆ ಆಡುತ್ತಿದ್ದದ್ದೇ ನನಗೂ ಸಿಕ್ಕಿತು.

ಬಾಯಿಯವರೆಗೆ ಬಂದ "ಹೋಗಿ ಬರ್ತೀನೊ" ಎಂಬುದನ್ನು ನುಂಗಿದೆ.

"ಸರೇನಂಡಿ, ವೆಳ್ಳೊಸ್ತಾನು" ಅಂದೆ.

ಅವನಿಗೆ ಅರ್ಥವಾಯಿತು. ನಕ್ಕ.