ಹುಣಸೆಮರದಡಿಯ ಒಲೆ

ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ತಮಿಳುನಾಡಿನ ಪೆನ್ನಾಗರಂ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನನ್ನನ್ನು ಹೆಲ್ತ್ ವಿಸಿಟರ್ ಆಗಿ ಹಾಕಿದರು. ನಾನು ಸೇಲಂ ಪಟ್ಟಣದ ಕನ್ನಡ ಮನೆಯವಳು. ಅಲ್ಲಿನ ಕುರಿ ಸಾಕುವವರ ಕನ್ನಡ ಇವಳಿಗೆ ತಿಳಿಯುತ್ತದೆ ಎಂದು ಮೇಲಿನವರು ಯೋಚಿಸಿದ್ದರು. ಬಸ್ಸಿಳಿದು ಮೈಲಿಗಟ್ಟಲೆ ನಡೆಯಬೇಕೆಂಬುದನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ.

ಆ ಕಡೆ ಹಸುಗೂಸುಗಳನ್ನು ಒಯ್ಯುತ್ತಿದ್ದುದು ಧನುರ್ವಾಯು, ಅಂದರೆ ಟೆಟನಸ್. ಕುಡುಗೋಲಿನಲ್ಲಿ ಹೊಕ್ಕುಳಬಳ್ಳಿ ಕೊಯ್ದು ಸಗಣಿ ಮೆತ್ತುತ್ತಿದ್ದರು. ವಾರ ತುಂಬುವಷ್ಟರಲ್ಲಿ ದವಡೆ ಬಿಗಿದು ಮಗು ಮೊಲೆ ಬಿಟ್ಟುಬಿಡುತ್ತಿತ್ತು. ಬಸುರಿಗೆ ತಿಂಗಳ ಅಂತರದಲ್ಲಿ ಎರಡು ಇಂಜೆಕ್ಷನ್ ಕೊಟ್ಟರೆ ಇದನ್ನು ತಡೆಯಬಹುದು. ನಾವು ಊರೊಳಗೆ, ಮಾರಿಗುಡಿಯ ಜಗಲಿಯ ಮೇಲೆ ಕೊಡುತ್ತಿದ್ದೆವು. ಊರಿನಲ್ಲಿ ಸಾವು ಕಡಿಮೆಯಾಯಿತು. ಚೇರಿಯಲ್ಲಿ, ಅಂದರೆ ದಲಿತರ ಕೇರಿಯಲ್ಲಿ, ಆಗಲಿಲ್ಲ. ಆ ಹೆಂಗಸರು ಜಗಲಿ ಹತ್ತುವ ಹಾಗಿರಲಿಲ್ಲ.

ಚೇರಿಯ ಕಾಳಿ ಎರಡು ಕೂಸುಗಳನ್ನು ಹೀಗೇ ಕಳೆದುಕೊಂಡಿದ್ದಳು. ಮೂರನೆಯದಕ್ಕೆ ಏಳನೇ ತಿಂಗಳು. ಈಗ ಮೊದಲ ಸೂಜಿ ಬೀಳದಿದ್ದರೆ ಎರಡನೆಯದಕ್ಕೆ ಸಮಯ ಸಿಗುತ್ತಿರಲಿಲ್ಲ. ಹಾಗಾಗಿ ಜಗಲಿ ಬಿಟ್ಟು, ಎಲ್ಲರಿಗೂ ಸೇರಿಸಿ, ಊರಿಗೂ ಚೇರಿಗೂ ನಡುವಿನ ಹುಣಸೆಮರದಡಿ ಮೇಜು ಹಾಕಿಸಿದೆ. ಆಗೆಲ್ಲ ಗಾಜಿನ ಸಿರಿಂಜು. ಸೂಜಿಯನ್ನೂ ಕುದಿಸಿ ಮತ್ತೆ ಬಳಸುತ್ತಿದ್ದೆವು. ಬಸುರಿ ಸೊಸೆಯನ್ನು ಕರೆತಂದಿದ್ದ ನಂಜಮ್ಮ ಅದನ್ನು ನೋಡಿದಳು. ಅವಳು ದೊಡ್ಡ ಕುರಿಮಂದೆಯ ಯಜಮಾನಿ; ಕಾಳಿ ಅವಳ ಹೊಲದಲ್ಲೇ ಕೂಲಿಯವಳು.

“ಚೇರಿಯೋರಿಗೆ ಆಕಿದ ಊಸಿನೇ ನಮ್ ಸೊಸೆಗೂ ಆಕ್ತೀಯೇನಮ್ಮಾ? ವೇಂಡಾಂ, ಬ್ಯಾಡ!” ಎಂದವಳೇ ಸೊಸೆಯ ಕೈಹಿಡಿದು ನಡೆದುಬಿಟ್ಟಳು. ಅವಳ ಹಿಂದೆ ಊರವರೆಲ್ಲ ಹೋದರು. ಸೂಜಿ ಹಾಕಿಸಿಕೊಳ್ಳದೆ ಕಾಳಿಯೂ ಎದ್ದಳು.

“ಅವ್ರು ಕ್ವಾಪ ಮಾಡ್ಕಂಡ್ರೆ ನಾಳಿಕೆ ಕೂಲಿ ಇಲ್ಲಮ್ಮ.”

ಲಸಿಕೆ ಇಟ್ಟ ಐಸ್ ಫ್ಲಾಸ್ಕ್ ಹೊತ್ತು ವಾಪಸು ನಡೆದೆ. ಸಿಟ್ಟು ಮಾಡಿಕೊಳ್ಳಲೂ ತ್ರಾಣವಿರಲಿಲ್ಲ.

ಸಿಟ್ಟು ಮರುದಿನ ಬಂತು. ಬೈಯಲೆಂದೇ ನಂಜಮ್ಮನ ಕುರಿಹಟ್ಟಿಗೆ ಹೋದೆ. ಅವಳು ಮರಿಗಳ ಕಿವಿಗೆ ಗುರುತು ಕೊಯ್ಯುತ್ತಿದ್ದಳು. ಪ್ರತಿ ಮರಿಗೂ ಮೊದಲು ಚೂರಿಯನ್ನು ಕೆಂಡಕ್ಕೆ ಹಿಡಿಯುತ್ತಿದ್ದಳು. ಯಾಕೆಂದು ಕೇಳಿದೆ.

“ಕಾಯ್ಸಿದ್ರೆ ಒಂದರ ಕೀವು ಇನ್ನೊಂದಕ್ಕೆ ಅತ್ತಲ್ಲ.”

“ನನ್ನ ಸೂಜಿಯೂ ಹಾಗೇ ಕಾಯಿಸಿದ್ದು, ನಂಜಮ್ಮ.”

“ನೀ ಕಾಯ್ಸಿದ್ದ ನಾ ಎಂಗೆ ನಂಬದು?”

“ಹಾಗಾದ್ರೆ ನೀವೇ ಕುದಿಸಿ. ನಿಮ್ಮ ಒಲೆ, ನಿಮ್ಮ ನೀರು.”

ಅವಳು ಇನ್ನೆರಡು ಮರಿ ಮುಗಿಸಿ ಷರತ್ತು ಹಾಕಿದಳು: ಊರವರಿಗೆ ಮೊದಲು. ನನಗೆ ಮೈ ಉರಿಯಿತು. ಆದರೆ ಕಾಳಿಯ ಹೊಟ್ಟೆ ಕಣ್ಣೆದುರಿಗಿತ್ತು, ಒಪ್ಪಿದೆ. ಚೇರಿಯವರನ್ನು ಅವಳೇ ಕೂಗಿ ಕರೆಯಬೇಕು ಎಂಬುದು ನನ್ನ ಷರತ್ತು.

ಕರೆದಳು. ಹುಣಸೆಮರದಡಿ ಮೂರು ಕಲ್ಲಿಟ್ಟು ಒಲೆ ಹೂಡಿದಳು. ನಾನು ಸೂಜಿಗೆ ಕೈಹಾಕಿದರೆ “ಇರಮ್ಮಾ, ಇನ್ನೂ ಕುದೀಲಿ” ಎಂದು ನನ್ನನ್ನೇ ಗದರಿದಳು. ಚೇರಿಯವರ ಸರದಿ ಬಂದಾಗಲೂ ಅಷ್ಟೇ ಹೊತ್ತು ಕುದಿಸಿದಳು. ಮುಂದಿನ ತಿಂಗಳೂ ಬಂದು ಕೂತಳು. ಕಾಳಿಗೆ ಎರಡೂ ಸೂಜಿ ಬಿದ್ದವು. ಹೆರಿಗೆಗೆಂದು ಹೊಸ ಬ್ಲೇಡನ್ನೂ ಕೊಟ್ಟೆ.

ಗಂಡುಮಗು ಹುಟ್ಟಿತು. ಎಂಟನೇ ದಿನ ಬೆಳಿಗ್ಗೆ ನಾನು ಕಾಳಿಯ ಗುಡಿಸಲಿನಲ್ಲಿದ್ದೆ. ಚೇರಿಯ ಅಂಚಿನಿಂದ ಕೂಗು ಕೇಳಿಸಿತು.

“ಲೇ ಕಾಳೀ! ಮಗ ಮೊಲೆ ಇಡ್ಕಂತೈತೇನ್ಲೇ?”

“ಇಡ್ಕಂತೈತೆ ಅಮ್ಮೋ!”

ಹೊರಗೆ ಬಂದು ನೋಡಿದೆ. ನಂಜಮ್ಮ ಚೇರಿಯೊಳಗೆ ಕಾಲಿಡಲಿಲ್ಲ. ಅಂಚಿನಿಂದಲೇ ಕುರಿ ಹೊಡೆದುಕೊಂಡು ಹೋದಳು.

ನನಗೆ ವರ್ಗವಾಗುವ ತನಕ ಆ ಮರದಡಿ ಸಾಲು ಎರಡಾಗಿಯೇ ಇದ್ದವು: ಊರವರದೊಂದು, ಚೇರಿಯವರದೊಂದು. ಜನರ ಮನಸ್ಸು ಬದಲಾಗಲಿ ಎಂದು ಕಾದು ಕೂತರೆ ಕೂಸು ಕಾಯುವುದಿಲ್ಲ. ಆ ಕೆಲಸ ನನಗೆ ಕಲಿಸಿದ್ದು ಇಷ್ಟು. ಅಂದು ಅಷ್ಟಕ್ಕೇ ಸಮಾಧಾನ ಮಾಡಿಕೊಂಡೆ. ಪೂರ್ತಿ ಸಮಾಧಾನ ಇವತ್ತಿಗೂ ಇಲ್ಲ.