ಫ್ಲವರ್ ಬೆಡ್ಡಿನಲ್ಲಿ ಅಮ್ಮನ ಮಂಚ

ಫ್ಲ್ಯಾಟು ಕೊಳ್ಳುವ ಮುಂಚೆ ಏನೇನು ನೋಡಬೇಕು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಕಾಮೋಠೆಯ ಒಂದು ಕಿಟಕಿ. ನನ್ನ ನೆನಪನ್ನು ಎಷ್ಟು ನಂಬಬಹುದೋ ತಿಳಿಯದು. ಆ ವರ್ಷ ಡೊಂಬಿವಲಿ, ಕಲ್ಯಾಣ, ಐರೋಲಿ ಎಂದು ಅಲೆದು ನೋಡಿದ ಮನೆಗಳೆಲ್ಲ ತಲೆಯಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ. ಆದರೆ ಆ ಕಿಟಕಿಯ ಬಳಿ ಅಮ್ಮ ಆಡಿದ ಮಾತಿನ ಬಗ್ಗೆ ಸಂಶಯವಿಲ್ಲ.

ಆಗ ನಾವು ಠಾಣೆಯಲ್ಲಿ, ವಾಗ್ಳೆ ಎಸ್ಟೇಟಿನ ಹತ್ತಿರ, ಒಂದು ಕೋಣೆ ಮತ್ತು ಅಡುಗೆಮನೆಯ ಬಾಡಿಗೆ ಮನೆಯಲ್ಲಿದ್ದೆವು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಉಡುಪಿಯಿಂದ ನಮ್ಮಲ್ಲಿಗೇ ಬಂದಿದ್ದರು. ಅಡುಗೆಮನೆಯಲ್ಲಿ, ಗ್ಯಾಸ್ ಸಿಲಿಂಡರಿನ ಪಕ್ಕ ಚಾಪೆ ಹಾಸಿ ಮಲಗುತ್ತಿದ್ದರು. ಗಂಟುನೋವಿನಿಂದ ನೆಲ ಬಿಟ್ಟೇಳುವುದೇ ಕಷ್ಟ. ಅವರಿಗೊಂದು ಮಂಚ ಹಾಕುವ ಜಾಗ ಬೇಕಿತ್ತು. ನಾವು ಮನೆ ಹುಡುಕಿದ್ದೇ ಅದಕ್ಕೆ.

ಕಾಮೋಠೆಯ ಏಜೆಂಟ್ ಕಾರ್ಕಳದ ಕಡೆಯವನು. ಸ್ಟೇಷನ್ನಿನ ಹೊರಗೆ ಅಮ್ಮನನ್ನು ಕಂಡೊಡನೆ ಯಾವ ಊರೆಂದು ತುಳುವಿನಲ್ಲಿ ಕೇಳಿದ. ಅಷ್ಟಕ್ಕೇ ನನ್ನ ಗಂಡ ಮೆತ್ತಗಾದರು. ನಮ್ಮವನಾದರೆ ಮೋಸ ಮಾಡುವುದಿಲ್ಲ ಎಂಬ ನಂಬಿಕೆ ನಮ್ಮ ಜನಕ್ಕೆ ಎಲ್ಲಿಂದ ಬಂತೋ. ನಾನು ಕಂಡಂತೆ ಮೋಸ ಹೋದವರೆಲ್ಲ ನಮ್ಮವರಿಂದಲೇ ಹೋದವರು.

ಮೊದಲು ಸ್ಯಾಂಪಲ್ ಫ್ಲ್ಯಾಟು ತೋರಿಸಿದ. ಹಾಲ್‌ನ ಕಿಟಕಿಯ ಪಕ್ಕದ ಮೂಲೆಯಲ್ಲಿ ಹೂವಿನ ಚಾದರ ಹೊದಿಸಿದ ಮಂಚ.

"ಅಮ್ಮನಿಗೇಂತ ಮಾಡಿದ ಹಾಗೆ ಉಂಟಲ್ಲ ಮಾರಾಯ್ರೆ. ಈ ಜಾಗಕ್ಕೆ ಫ್ಲವರ್ ಬೆಡ್ ಅಂತ ಹೇಳುದು."

ಬೆಡ್ ಎಂಬ ಪದ ಅಮ್ಮನಿಗೆ ಗೊತ್ತಿತ್ತು. ಮಲಗಿಯೇ ಬಿಟ್ಟರು. ಪಾದಗಳು ಮಂಚದ ಹೊರಗೆ ಚಾಚಿದವು. ಕೋಣೆ ದೊಡ್ಡದಾಗಿ ಕಾಣಲೆಂದು ಮಂಚವನ್ನೇ ಗಿಡ್ಡವಾಗಿ ಮಾಡಿಸಿದ್ದರು.

"ಈ ಪ್ರಾಯದಲ್ಲಿ ನಾನು ಉದ್ದ ಆದೆನಾ ಎಂತ?" ಎಂದರು ಅಮ್ಮ.

ನಾವು ಕೊಳ್ಳಲಿರುವ ಫ್ಲ್ಯಾಟನ್ನೇ ತೋರಿಸು ಎಂದೆ. ಲಿಫ್ಟು ಇನ್ನೂ ಹಾಕಿರಲಿಲ್ಲ. ಅಮ್ಮ ಗೋಡೆ ಹಿಡಿದು ಮೆಟ್ಟಿಲು ಹತ್ತಿದರು. ಮೇಲೆ ಆ ಮೂಲೆಯೇ ಇರಲಿಲ್ಲ. ಹಾಲ್ ಕಿಟಕಿಯ ಹತ್ತಿರವೇ ಮುಗಿದಿತ್ತು. ಅದರಾಚೆ, ಗೋಡೆಯಿಂದ ಹೊರಚಾಚಿದ ಕಾಂಕ್ರೀಟಿನ ತೊಟ್ಟಿ. ಅದೇ ಫ್ಲವರ್ ಬೆಡ್, ನಕ್ಷೆಯ ಪ್ರಕಾರ ಹೂಗಿಡ ಬೆಳೆಸುವ ಜಾಗ. ತುಂಬ ಪಾರಿವಾಳದ ಹಿಕ್ಕೆ, ಗುಟ್ಕಾ ಪೊಟ್ಟಣ, ಯಾರೋ ಉಗಿದ ಕೆಂಪು. ನಿಂತ ನೀರಿನಲ್ಲಿ ಒಂದು ಸತ್ತ ಮರಿಯೂ ಇತ್ತು. ಅಥವಾ ಅದು ಕಲ್ಯಾಣದಲ್ಲಿ ಕಂಡದ್ದೋ.

"ಸರಕಾರದವರು ಚೆಕ್ಕಿಂಗಿಗೆ ಬರುವ ದಿನ ನಾಲ್ಕು ಕುಂಡ ಇಟ್ರಾಯ್ತು," ಎಂದ ಏಜೆಂಟ್. "ಅವರು ಹೋದ ಮೇಲೆ ಗೋಡೆ ಒಡ್ದು ಒಳಗೆ ತಗೊಳ್ಳುದು. ಎಲ್ಲರೂ ಮಾಡ್ತಾರೆ ಅಕ್ಕ."

"ಭಾರ ತಡೀತದಾ?" ಎಂದೆ.

"ಅಮ್ಮನ ಭಾರ ಎಂತ ಮಹಾ ಉಂಟು?"

ಅವನು ನಕ್ಕ. ನನ್ನ ಗಂಡನೂ ನಕ್ಕರು. ತಾನು ನಗಲೇ ಇಲ್ಲ ಎಂದು ಅವರು ಇಂದಿಗೂ ಹೇಳುತ್ತಾರೆ. ಇರಬಹುದು. ಈ ತೊಟ್ಟಿಯನ್ನೂ ಮನೆಯ ಅಳತೆಗೆ ಸೇರಿಸಿ ಮಾರುತ್ತಿದ್ದರು.

ಅಮ್ಮ ಮೂಗಿಗೆ ಸೆರಗು ಹಿಡಿದು ಹೊರಗೆ ಬಗ್ಗಿ ನೋಡಿದರು.

"ಅಂದ್ರೆ ನೀವಿಬ್ರು ಮನೆಯ ಒಳಗೆ, ನಾನು ಗೋಡೆಯ ಹೊರಗೆ. ಅಲ್ವಾ?"

ಮುಂಗಡ ಕೊಡದೆ ಇಳಿದು ಬಂದೆವು. ರೈಲಿನಲ್ಲಿ ಗಂಡ, "ಎಲ್ಲರೂ ಮಾಡ್ತಾರಲ್ಲ," ಎಂದರು. ನನಗೋ, ಏನನ್ನೂ ಮುಟ್ಟದಿದ್ದರೂ ಯಾವಾಗ ಕೈ ತೊಳೆದೇನೋ ಎನಿಸುತ್ತಿತ್ತು.

ಕೆಲವು ವರ್ಷಗಳ ನಂತರ ಅದೇ ರಸ್ತೆಯಲ್ಲಿ ಹೋದೆ. ತೊಟ್ಟಿಗಳನ್ನು ಒಳಗೆ ಸೇರಿಸಿಕೊಂಡು ಆ ಕಟ್ಟಡದ ಕಿಟಕಿಗಳೆಲ್ಲ ಹೊರಕ್ಕೆ ಉಬ್ಬಿದ್ದವು. ಕೆಳಗೆ ನೀರಿಳಿದು ಪಾಚಿ ಕಟ್ಟಿತ್ತು. ಒಂದರಲ್ಲೂ ಹೂವಿರಲಿಲ್ಲ.

ಕಾಮೋಠೆಗೆ ಹೋಗಿಬಂದ ಮರುವಾರ ನಮ್ಮ ಡಬಲ್ ಮಂಚ ಮಾರಿ, ಕೋಣೆಯಲ್ಲಿ ಅಮ್ಮನಿಗೊಂದು ಸಿಂಗಲ್ ಮಂಚ ಹಾಕಿದೆವು. ಚಾಪೆ ಎತ್ತಿಕೊಂಡು ಅಡುಗೆಮನೆಗೆ ಹೋದವರು ನಾವು. ಮೊದಲ ದಿನವೇ ಗಂಡನ ಕಾಲು ಸಿಲಿಂಡರಿಗೆ ಬಡಿಯಿತು.

"ಮಡಚಿ ಮಲಗು ಮಗಾ," ಎಂದರು ಅಮ್ಮ ಒಳಗಿನಿಂದ. "ಎಲ್ಲರೂ ಮಾಡ್ತಾರೆ."