ಒಂಬತ್ತನೇ ವರ್ಷದ ಲಿಫ್ಟ್

ಲಂಡನ್ನಿನ ಒಂದು ಕೌನ್ಸಿಲ್‌ನಲ್ಲಿ, ಅಂದರೆ ಅಲ್ಲಿನ ನಗರಸಭೆಯಲ್ಲಿ, ಕೂತು ಮುಂದಿನ ಮೂವತ್ತು ವರ್ಷಗಳ ಲೆಕ್ಕ ಬರೆಯುವುದು ನನ್ನ ಉದ್ಯೋಗ. ಕೌನ್ಸಿಲ್‌ಗೆ ಸೇರಿದ ಸಾವಿರಾರು ಮನೆಗಳಿವೆ. ಅವುಗಳ ಬಾಡಿಗೆಯಲ್ಲೇ ಅವುಗಳ ರಿಪೇರಿ, ಹಳೆಯ ಸಾಲದ ಬಡ್ಡಿ, ನನ್ನಂಥವರ ಸಂಬಳ ಎಲ್ಲ ನಡೆಯಬೇಕು. ಯಾವ ವರ್ಷ ಬಾಡಿಗೆ ಎಷ್ಟು ಏರಬೇಕು, ಯಾವ ವರ್ಷ ಯಾವ ಕಟ್ಟಡದ ಛಾವಣಿ ಬದಲಾಗಬೇಕು ಎಂದು ಒಂದು ದೊಡ್ಡ ಸ್ಪ್ರೆಡ್‌ಶೀಟಿನಲ್ಲಿ ಹೊಂದಿಸುತ್ತೇನೆ. ಮನೆಯಲ್ಲಿ ನಾಳೆ ಬೆಳಿಗ್ಗೆ ತಿಂಡಿಗೇನು ಎಂದು ಹೆಂಡತಿ ಕೇಳಿದರೆ ಮಾತ್ರ ತಡಬಡಾಯಿಸುತ್ತೇನೆ.

ಖರ್ಚೆಲ್ಲ ಕಳೆದು ಕೈಯಲ್ಲಿ ಉಳಿಯಬೇಕಾದ ಹಣಕ್ಕೆ ಒಂದು ಮಿತಿ ಇದೆ. ಯಾವುದಾದರೂ ವರ್ಷ ಅದಕ್ಕಿಂತ ಕೆಳಗಿಳಿದರೆ ಆ ವರ್ಷದ ಚೌಕ ಕೆಂಪಾಗುತ್ತದೆ. ಕೆಂಪಿದ್ದರೆ ಮೇಲಿನವರು ಒಪ್ಪುವುದಿಲ್ಲ. ಕಳೆದ ವರ್ಷದ ಚಳಿಗಾಲದಲ್ಲಿ ಲೆಕ್ಕದ ಎರಡನೇ ವರ್ಷ ಕೆಂಪಾಗಿ ಕೂತಿತ್ತು. ಬೆಂಕಿ ಸುರಕ್ಷತೆಯ ಕೆಲಸವನ್ನು ಮುಟ್ಟುವಂತಿಲ್ಲ, ಗೋಡೆಯ ತೇವ, ಬೂಷ್ಟಿನ ರಿಪೇರಿಯನ್ನೂ ಮುಟ್ಟುವಂತಿಲ್ಲ. ಹುಡುಕುತ್ತಾ ಹೋದಾಗ ಒಂದು ಹಳೆಯ ಬ್ಲಾಕಿನ ಲಿಫ್ಟ್ ಸಿಕ್ಕಿತು. ಆ ವರ್ಷ ಅದನ್ನು ತೆಗೆದು ಹೊಸದು ಹಾಕಬೇಕಿತ್ತು. ಇನ್ನೂ ಓಡುತ್ತಿದೆಯಲ್ಲ ಎಂದುಕೊಂಡು ಒಂಬತ್ತನೇ ವರ್ಷಕ್ಕೆ ತಳ್ಳಿದೆ. ಕೆಂಪು ಹೋಯಿತು. ಎದ್ದು ಹೋಗಿ ಕಾಫಿ ಕುಡಿದೆ.

ಎರಡು ವಾರದ ನಂತರ ಅದೇ ಬ್ಲಾಕಿನ ಕೆಳಗಿನ ಹಾಲ್‌ನಲ್ಲಿ ಬಾಡಿಗೆದಾರರ ಸಭೆ. ಸರ್ಕಾರ ಅನುಮತಿ ಕೊಟ್ಟಷ್ಟೂ ಬಾಡಿಗೆ ಏರಿಸಬೇಕೋ, ಅರ್ಧ ಸಾಕೋ ಎಂದು ಅವರನ್ನು ಕೇಳುವುದು ಪದ್ಧತಿ. ತೀರ್ಮಾನ ಕೌನ್ಸಿಲರುಗಳದೇ ಆದರೂ ಪೂರ್ತಿ ಏರಿಕೆಗೆ ಜನ ಕೈ ಎತ್ತಿದರೆ ನಮಗೆ ಅನುಕೂಲ. ಶುರುವಾಗುವ ಮೊದಲು ಹೊರಗೆ ನಿಂತು ಹೆಂಡತಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಹಿಂದಿನಿಂದ ಒಂದು ದನಿ ಬಂತು.

“ನೀವು ಕನ್ನಡದವರಾ?”

ಉಡುಪಿ ಕಡೆಯ ಕ್ರೈಸ್ತ ಹೆಂಗಸು. ಮನೆಮಾತು ಕೊಂಕಣಿ, ಕನ್ನಡ ಶಾಲೆಯಲ್ಲಿ ಕಲಿತದ್ದು. ಏರ್‌ಪೋರ್ಟಿನಲ್ಲಿ ಕ್ಲೀನಿಂಗ್ ಕೆಲಸ ಮಾಡಿ ನಿವೃತ್ತರಾದವರು, ಗಂಡ ತೀರಿಕೊಂಡಿದ್ದಾರೆ, ಆರನೇ ಮಹಡಿಯಲ್ಲಿ ಒಬ್ಬರೇ ಇದ್ದಾರೆ. ಇದೆಲ್ಲ ಎರಡು ನಿಮಿಷದಲ್ಲಿ ಗೊತ್ತಾಯಿತು.

“ದೇವರೇ ಕಳಿಸಿದ ಹಾಗೆ ಸಿಕ್ಕಿದ್ರಿ. ಇವರ ಇಂಗ್ಲಿಷ್ ನಂಗೆ ಅರ್ಥ ಆಗ್ತದೆ, ಲೆಕ್ಕ ಅರ್ಥ ಆಗುದಿಲ್ಲ. ಬಾಡಿಗೆ ಜಾಸ್ತಿ ಕೊಟ್ರೆ ನಮ್ಮ ಲಿಫ್ಟ್ ಹೊಸತು ಹಾಕ್ತಾರಾ? ಅದೊಂದು ಹೇಳಿ ಸಾಕು. ನನ್ನ ಮೊಣಗಂಟು ಹೋಗಿದೆ. ಲಿಫ್ಟ್ ನಿಂತ್ರೆ ಆದಿತ್ಯವಾರ ಇಗರ್ಜಿಗೆ ಹೋಗ್ಲಿಕ್ಕೂ ಆಗುದಿಲ್ಲ.”

“ಹೌದು ಆಂಟಿ, ಲಿಫ್ಟೂ ಪ್ಲಾನ್‌ನಲ್ಲಿ ಇದೆ” ಎಂದೆ.

ಸುಳ್ಳಲ್ಲ. ಪ್ಲಾನ್‌ನಲ್ಲಿ ಇತ್ತು. ಲೆಕ್ಕದವರಿಗೆ ಮಾತ್ರ ಬರುವ ಜಾಣತನ ಇದು, ಸುಳ್ಳಿಗಿಂತ ಕೊಳಕು. ಹಾಲ್‌ನಲ್ಲಿ ಮೊದಲು ಕೈ ಎತ್ತಿದವರು ಅವರೇ. ಎತ್ತಿ, ಹಿಂದೆ ತಿರುಗಿ, ಹೊಸ ಲಿಫ್ಟ್ ಬರುತ್ತದಂತೆ ಎಂದು ಅಕ್ಕಪಕ್ಕದವರಿಗೂ ಇಂಗ್ಲಿಷಿನಲ್ಲಿ ಹೇಳಿದರು. ಒಂದೊಂದಾಗಿ ಕೈಗಳು ಮೇಲೆದ್ದವು. ನಿನ್ನ ಭಾಷೆ ಉಪಯೋಗಕ್ಕೆ ಬಂತು ಎಂದು ನನ್ನ ಮ್ಯಾನೇಜರ್ ಬೆನ್ನು ತಟ್ಟಿದಳು. ನಾನು ಹಲ್ಲು ಕಿರಿದೆ.

ಏಪ್ರಿಲ್‌ನಲ್ಲಿ ಬಾಡಿಗೆ ಏರಿತು. ಅಕ್ಟೋಬರ್‌ನಲ್ಲಿ ಲಿಫ್ಟ್ ನಿಂತಿತು. ರಿಪೇರಿಯವರು ಬಂದು ಓಡಿಸಿದರು, ನಾಲ್ಕೇ ದಿನಕ್ಕೆ ಮತ್ತೆ ನಿಂತಿತು. ಅದರ ಬಿಡಿಭಾಗ ಈಗ ಎಲ್ಲೂ ತಯಾರಾಗುವುದಿಲ್ಲವಂತೆ. ಸಭೆಯ ದಿನ ಆಂಟಿಗೆ ನನ್ನ ನಂಬರ್ ಕೊಟ್ಟಿದ್ದೆ, ಅವರು ಫೋನ್ ಮಾಡಿ ತಾನು ಮೂರು ವಾರದಿಂದ ಕೆಳಗೇ ಇಳಿದಿಲ್ಲ ಎಂದರು.

ಅಂದಿನಿಂದ ಶನಿವಾರಗಳಂದು ರೇನರ್ಸ್ ಲೇನ್‌ನ ಭಾರತೀಯ ಅಂಗಡಿಯಿಂದ ಕುಚಲಕ್ಕಿ, ತೆಂಗಿನಕಾಯಿ, ಬಂಗುಡೆ ಮೀನು ತಂದು ಆರು ಮಹಡಿ ಹತ್ತುತ್ತೇನೆ. ಮೂರನೆಯದಕ್ಕೇ ನನಗೆ ಏದುಸಿರು. ಆಂಟಿ ನನ್ನನ್ನು ಕೊಂಕಣಿಯಲ್ಲಿ ಮಗನಿಗೆ ಹೇಳುವಂತೆ “ಪುತಾ” ಎಂದು ಕರೆಯತೊಡಗಿದರು. ತಿಂಗಳಿಗೊಮ್ಮೆ ಪರಮಪ್ರಸಾದ ಕೊಡಲು ಇಗರ್ಜಿಯಿಂದ ಮೇಲೆ ಬರುವ ಫಾದರ್ ಮುಂದೆಯೂ ನನ್ನನ್ನು ಹೊಗಳಿದರಂತೆ. ನಾಚಿಕೆಯಿಂದ ಸಾಯುವಂತಾಯಿತು. ಪ್ರತಿ ವಾರ ನಿಜ ಹೇಳಿಬಿಡಬೇಕು ಎಂದು ಹತ್ತುತ್ತಿದ್ದೆ, ಹೇಳದೆ ಇಳಿಯುತ್ತಿದ್ದೆ.

ಜನವರಿಯಲ್ಲಿ ಹೊಸ ಲೆಕ್ಕ ಮಾಡುವಾಗ ಯಾರಿಗೂ ಹೇಳದೆ ಲಿಫ್ಟನ್ನು ಬರುವ ವರ್ಷಕ್ಕೆ ಎಳೆದು ನೋಡಿದೆ. ಚೌಕ ಕೆಂಪಾಯಿತು. ಮ್ಯಾನೇಜರ್ ಹತ್ತಿರ ಜಗಳವಾಡಬಹುದಿತ್ತು. ಆಡಲಿಲ್ಲ. ಹೊಸ ಲೆಕ್ಕದಲ್ಲೂ ಒಂಬತ್ತನೇ ವರ್ಷಕ್ಕೇ ತಳ್ಳಿದೆ.

ಮಾರ್ಚ್ ಕೊನೆಯ ಶನಿವಾರ ಆಂಟಿ ಒಂದು ಕಾಗದ ಕೊಟ್ಟು ಓದು ಎಂದರು. ನಮ್ಮಲ್ಲಿ ಬಾಡಿಗೆ ವಾರಕ್ಕೊಮ್ಮೆ. ಕ್ರಿಸ್‌ಮಸ್ ಹೊತ್ತಿಗೆ ಎರಡು ವಾರ, ಮಾರ್ಚ್ ಕೊನೆಗೆ ಎರಡು ವಾರ ಬಾಡಿಗೆ ಇರುವುದಿಲ್ಲ. ಬಾಡಿಗೆ ಇಲ್ಲದ ವಾರಗಳಲ್ಲೂ ನೀವು ಹಣ ಕಟ್ಟಿದ್ದೀರಿ, ಅದನ್ನು ವಾಪಸ್ ಮಾಡಬೇಕೇ ಎಂದು ನಮ್ಮ ಬಾಡಿಗೆ ಆಫೀಸಿನವರು ಅದರಲ್ಲಿ ಕೇಳಿದ್ದರು.

“ವಾಪಸ್ ಬೇಡ ಅಂತ ಬರಿ ಪುತಾ. ನಾನು ಬೇಕಂತಲೇ ಕಟ್ಟಿದ್ದು. ಲಿಫ್ಟಿಗೆ ಇರ್ಲಿ. ಎಲ್ಲರೂ ಬಾಡಿಗೆಗೆ ರಜೆ ಅಂತ ಕೂತ್ರೆ ಹೊಸತು ಬರುದು ಹೇಗೆ?”

ಆಂಟಿಯ ಸಣ್ಣ ಪೆನ್ಷನ್ ಎಷ್ಟೆಂದು ನನಗೆ ಗೊತ್ತಿತ್ತು. ಇನ್ನು ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ.

“ಆಂಟಿ, ಆ ದುಡ್ಡು ವಾಪಸ್ ತಗೊಳ್ಳಿ. ಲಿಫ್ಟ್ ಇರೋದು ಒಂಬತ್ತನೇ ವರ್ಷದಲ್ಲಿ. ಇನ್ನೂ ಎಂಟು ವರ್ಷ ಇದೆ.”

ಆಂಟಿ ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳಿಟ್ಟು ಎಣಿಸಿದರು. “ಆಗ ನಂಗೆ ಎಂಬತ್ತೈದು” ಎಂದರು. ಹೆಬ್ಬೆರಳನ್ನು ಗೆಣ್ಣಿನ ಮೇಲೇ ಇಟ್ಟುಕೊಂಡು ಕೇಳಿದರು, “ಹಾಗೆ ದೂರ ಹಾಕಿದ್ದು ಯಾರು?”

“ನಾನೇ.”

“ಆ ಮೀಟಿಂಗಿನ ದಿನ ಗೊತ್ತಿತ್ತಾ ನಿಮಗೆ?”

“ಗೊತ್ತಿತ್ತು.”

ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿ, ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋದರು. ನೀರು ಕುದಿಯುವ ಸದ್ದು ಕೇಳಿಸಿತು. ಪ್ರತಿ ಶನಿವಾರ ಕೇಳದೆಯೇ ಎರಡು ಚಮಚ ಸಕ್ಕರೆ ಹಾಕಿ ಚಹಾ ಕೊಡುತ್ತಿದ್ದವರು ಅಂದು ಬಾಗಿಲಲ್ಲಿ ನಿಂತು, ಏರ್‌ಪೋರ್ಟಿನಲ್ಲಿ ಅಪರಿಚಿತರ ಜೊತೆ ಆಡುತ್ತಿದ್ದಿರಬಹುದಾದ ಇಂಗ್ಲಿಷಿನಲ್ಲಿ ಕೇಳಿದರು:

“ಶುಗರ್, ಸರ್?”